ಬ್ರೇಕರ್ ಮಷಿನ್ ಬಿಚ್ಚಿ ಸರ್ವೀಸ್ ಮಾಡುವ ಕ್ರಮ

ಕಾಂಕ್ರೀಟ್ ಒಡೆಯುವ ದೊಡ್ಡ ಕರೆಂಟ್ ಬ್ರೇಕರ್‌ನಲ್ಲಿ ಉಳಿಗೆ ಹೊಡೆತ ಬೀಳುವುದು ಗಾಳಿಯ ಬಲದಿಂದ. ಮೋಟರ್ ಗೇರಿನ ಮೂಲಕ ಕ್ರ್ಯಾಂಕನ್ನು ತಿರುಗಿಸುತ್ತದೆ, ಕ್ರ್ಯಾಂಕ್ ಸಿಲಿಂಡರಿನೊಳಗೆ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತದೆ. ಪಿಸ್ಟನ್ನಿನ ಮುಂದೆ, ಅದಕ್ಕೆ ಜೋಡಣೆಯಿಲ್ಲದೆ, ಸ್ಟ್ರೈಕರ್ ಎಂಬ ಉಕ್ಕಿನ ತುಂಡು ಬಿಡಿಯಾಗಿ ಇರುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗಿ ಸ್ಟ್ರೈಕರನ್ನು ಮುಂದಕ್ಕೆ ಎಸೆಯುತ್ತದೆ. ಸ್ಟ್ರೈಕರ್ ತನಗೂ ಉಳಿಗೂ ನಡುವೆ ಇರುವ ಇಂಪ್ಯಾಕ್ಟ್ ಬೋಲ್ಟ್ ಎಂಬ ಉಕ್ಕಿನ ತುಂಡಿಗೆ ಬಡಿಯುತ್ತದೆ, ಇಂಪ್ಯಾಕ್ಟ್ ಬೋಲ್ಟ್ ಉಳಿಯ ತಲೆಗೆ ಬಡಿಯುತ್ತದೆ. ಬಾಷ್ ಜಿಎಸ್‌ಎಚ್ 16-28ರಂಥ ಮಷಿನ್ನಿನಲ್ಲಿ ಇದು ನಿಮಿಷಕ್ಕೆ 1300 ಸಲ ನಡೆಯುತ್ತದೆ. ಅಷ್ಟೂ ಹೊಡೆತಕ್ಕೆ ಬೇಕಾದ ಗಾಳಿಯನ್ನು ಹಿಡಿದಿಡುವುದು ಪಿಸ್ಟನ್ ಮತ್ತು ಸ್ಟ್ರೈಕರ್ ಮೇಲಿರುವ ರಬ್ಬರ್ ಓ-ರಿಂಗ್‌ಗಳು.

ಹಾಗಾಗಿ ಬ್ರೇಕರ್ ಸರ್ವೀಸ್ ಎಂದರೆ ಮುಖ್ಯವಾಗಿ ಗಾಳಿ ಸೋರದಂತೆ ನೋಡಿಕೊಳ್ಳುವುದು, ಗ್ರೀಸಿನ ಅಳತೆ ತಪ್ಪದಂತೆ ನೋಡಿಕೊಳ್ಳುವುದು. ಕಾರ್ಬನ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಬ್ರಷ್) ಬದಲಿಸಿ, ಕೈಗೆ ಸಿಕ್ಕ ಗ್ರೀಸನ್ನು ಗಂಟಲವರೆಗೆ ತುಂಬಿ ಮುಚ್ಚಿದ ಮಷಿನ್ ಬಿಸಿಯೇರುತ್ತದೆ, ಸೋರುತ್ತದೆ, ಕೊನೆಗೆ ಆರ್ಮೇಚರ್, ಅಂದರೆ ಮೋಟರಿನ ತಿರುಗುವ ಭಾಗ, ಸುಟ್ಟುಕೊಳ್ಳುತ್ತದೆ.

ಇಲ್ಲಿ ಹೇಳುವುದು 15ರಿಂದ 18 ಕೆ.ಜಿ. ತೂಕದ, 28 ಅಥವಾ 30 ಮಿ.ಮೀ. ಷಟ್ಕೋನ ಉಳಿ ಹಿಡಿಯುವ, ಗ್ರೀಸ್ ತುಂಬಿದ ಮಷಿನ್‌ಗಳ ವಿಷಯ. 10 ಕೆ.ಜಿ. ದರ್ಜೆಯ, ಎಸ್‌ಡಿಎಸ್ ಮ್ಯಾಕ್ಸ್ ಎಂಬ ಗಾಡಿ ಕೊರೆದ ದುಂಡು ಹಿಂಬದಿಯ ಉಳಿ ಹಿಡಿಯುವ ಮಷಿನ್‌ಗಳ ಒಳರಚನೆಯೂ ಹೆಚ್ಚುಕಡಿಮೆ ಇದೇ. ಉಳಿ ಹಿಡಿಯುವ ಮೂತಿಯ ಭಾಗ ಮಾತ್ರ ಬೇರೆ. ಮಾರುಕಟ್ಟೆಯಲ್ಲಿ ಸಿಗುವ ಎಚ್65 ಮಾದರಿಯ ಕೆಲವು ಮಷಿನ್‌ಗಳ ಪಕ್ಕದಲ್ಲಿ ಸಣ್ಣ ಗಾಜಿನ ಕಿಟಕಿ ಇರುತ್ತದೆ. ಅವು ಆಯಿಲ್‌ನಲ್ಲಿ ಓಡುವಂಥವು. ನೆಟ್ಟಗೆ ನಿಲ್ಲಿಸಿದಾಗ ಕಿಟಕಿಯಲ್ಲಿ ಆಯಿಲ್ ಕಾಣಬೇಕು. ಅಂಥವಕ್ಕೆ ಗ್ರೀಸ್ ತುಂಬಬೇಡಿ.

ಬಿಚ್ಚುವ ಮೊದಲು ರೋಗ ಗುರುತಿಸಿ

ಮೋಟರ್ ಚೆನ್ನಾಗಿ ಓಡುತ್ತಿದೆ, ಆದರೆ ಹೊಡೆತ ಇಲ್ಲ ಅಥವಾ ಸಪ್ಪೆಯಾಗಿದೆ ಎಂದರೆ ಮೊದಲು ಉಳಿಯನ್ನೇ ನೋಡಿ. ಉಳಿಯ ಹಿಂಬದಿ ಸವೆದು ಗಿಡ್ಡವಾಗಿದ್ದರೆ ಅದು ಇಂಪ್ಯಾಕ್ಟ್ ಬೋಲ್ಟನ್ನು ಸಾಕಷ್ಟು ಹಿಂದಕ್ಕೆ ತಳ್ಳುವುದಿಲ್ಲ. ಮಷಿನ್ ತಾನು ಖಾಲಿ ಓಡುತ್ತಿದ್ದೇನೆಂದೇ ತಿಳಿದು ಹೊಡೆಯದೆ ಸುಮ್ಮನಿರುತ್ತದೆ. ಹೊಸ ಉಳಿ ಹಾಕಿಯೂ ಸರಿಹೋಗದಿದ್ದರೆ ಓ-ರಿಂಗ್ ಸವೆದಿದೆ, ಸಿಲಿಂಡರಿನ ಗಾಳಿ ತೂತು ಕಟ್ಟಿದೆ, ಇಲ್ಲವೇ ಗ್ರೀಸ್ ಹೆಚ್ಚಾಗಿದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಗಾಲದ ಬೆಳಿಗ್ಗೆ ಮೊದಲ ಒಂದೆರಡು ನಿಮಿಷ ಹೊಡೆತ ಹಿಡಿಯದಿದ್ದರೆ ಅದು ದೋಷವಲ್ಲ, ಗ್ರೀಸ್ ಗಟ್ಟಿಯಾಗಿರುತ್ತದೆ. ಸ್ವಲ್ಪ ಹೊತ್ತು ಓಡಿಸಿ ಬಿಸಿಮಾಡಿದರೆ ಸಾಕು.

ಉಳಿ ಎತ್ತಿ ಹಿಡಿದಾಗಲೂ ಹೊಡೆತ ನಿಲ್ಲುತ್ತಿಲ್ಲವೆಂದರೆ ಮುಂಭಾಗದಲ್ಲಿ ಸ್ಟ್ರೈಕರನ್ನು ಹಿಡಿದು ನಿಲ್ಲಿಸುವ ರಬ್ಬರ್ ರಿಂಗ್ ಹೋಗಿದೆ. ಇದನ್ನು ಹಾಗೇ ಬಿಟ್ಟು ಓಡಿಸಿದರೆ ಹೊಡೆತದ ಬಲವೆಲ್ಲ ಮೂತಿಯ ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಬೋಲ್ಟ್ ಮುರಿಯುತ್ತದೆ ಅಥವಾ ಮುಂದಿನ ಕವರ್ ಸೀಳುತ್ತದೆ.

ಒಮ್ಮೆ ಓಡಿ ಒಮ್ಮೆ ನಿಲ್ಲುತ್ತಿದ್ದರೆ ವೈರ್ ಹಿಡಿಯೊಳಗೆ ಹೋಗುವ ಜಾಗದಲ್ಲಿ ಬಗ್ಗಿಸಿ ನೋಡಿ. ಬ್ರೇಕರ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದೇ, ಮೋಟರ್ ಮುಟ್ಟದೆ ಸರಿಯಾಗುವ ದೂರೂ ಇದೇ. ಕಮ್ಯುಟೇಟರ್ (ಆರ್ಮೇಚರಿನ ಮೇಲೆ ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳ ಭಾಗ) ಸುತ್ತ ಬೆಂಕಿಯ ಬಳೆ ಕಂಡರೆ ಆರ್ಮೇಚರ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಗಾಳಿ ಕಿಂಡಿಯಿಂದ ಸುಟ್ಟ ಗ್ರೀಸಿನ ವಾಸನೆ ಬಂದರೆ ಗೇರ್ ಬಾಕ್ಸ್ ಮತ್ತು ಮೋಟರ್ ನಡುವಿನ ಆಯಿಲ್ ಸೀಲ್ ಸೋರುತ್ತಿದೆ.

ಬೇಕಾಗುವ ಸಾಮಾನು

ಎಲನ್ ಕೀ ಸೆಟ್, ಟಾರ್ಕ್ಸ್ ಬಿಟ್‌ಗಳು, ಒಳಗಿನ ಮತ್ತು ಹೊರಗಿನ ಸರ್ಕ್ಲಿಪ್ ಪ್ಲೈಯರ್, ಬೇರಿಂಗ್ ಪುಲ್ಲರ್, ನೈಲಾನ್ ಸುತ್ತಿಗೆ, ವರ್ನಿಯರ್, ಮಲ್ಟಿಮೀಟರ್, 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್), ಹೀಟ್ ಗನ್, ಸೀಮೆಎಣ್ಣೆ ಅಥವಾ ಡೀಸೆಲ್, ನೂಲು ಬಿಡದ ಬಟ್ಟೆ. ಇವುಗಳ ಜೊತೆ ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇರಲೇಬೇಕು, ಏಕೆಂದು ಮುಂದೆ ತಿಳಿಯುತ್ತದೆ. ತೊಳೆಯಲು ಪೆಟ್ರೋಲ್ ಬೇಡ; ಬೆಂಕಿಯ ಅಪಾಯ ಒಂದು ಕಡೆ, ರಬ್ಬರ್ ಸೀಲ್ ಊದಿಕೊಳ್ಳುವುದು ಇನ್ನೊಂದು ಕಡೆ.

ಬಿಡಿಭಾಗದಲ್ಲಿ ಕನಿಷ್ಠ ಇಷ್ಟು ಮೊದಲೇ ತಂದಿಟ್ಟುಕೊಳ್ಳಿ: ಕಾರ್ಬನ್ ಜೋಡಿ, ಪೂರ್ತಿ ಓ-ರಿಂಗ್ ಸೆಟ್, ಆರ್ಮೇಚರಿನ ಎರಡು ಬೇರಿಂಗ್, ಆಯಿಲ್ ಸೀಲ್, ಹ್ಯಾಮರ್ ಗ್ರೀಸ್. ಓ-ರಿಂಗನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆ ಕೊಟ್ಟು ತರುವವರು ಬಹಳ. ಅಳತೆ ಹೊಂದಿದರೂ ರಬ್ಬರ್ ಹೊಂದುವುದಿಲ್ಲ. ಮಾಮೂಲಿ ಎನ್‌ಬಿಆರ್ ರಬ್ಬರ್ 100 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬೇಗ ಗಟ್ಟಿಯಾಗುತ್ತದೆ. ವೈಟಾನ್ ಎಂದು ಅಂಗಡಿಯವರು ಕರೆಯುವ ಎಫ್‌ಕೆಎಂ ರಬ್ಬರ್ ಸುಮಾರು 200 ಡಿಗ್ರಿ ತಡೆಯುತ್ತದೆ. ಸ್ಟ್ರೈಕರಿನ ರಿಂಗ್ ಬಿಸಿ ಗಾಳಿಯ ಎದುರೇ ಕೆಲಸ ಮಾಡುವುದರಿಂದ ಕಂಪನಿಯ ರಿಂಗನ್ನೇ ಹಾಕಿ, ಅದು ಸಿಗದಿದ್ದರೆ ಒಳ್ಳೆಯ ಎಫ್‌ಕೆಎಂ ಹಾಕಿ.

ಬಿಚ್ಚುವುದು

ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಳ್ಳಿ. ಮಷಿನ್ ಸಂಪೂರ್ಣ ತಣ್ಣಗಿರುವಾಗ ಕೆಲಸ ಹಿಡಿಯಬೇಡಿ. ಓಡುವ ಸ್ಥಿತಿಯಲ್ಲಿದ್ದರೆ ಮೊದಲು ಕೆಲವು ನಿಮಿಷ ಓಡಿಸಿ ಬಿಸಿಮಾಡಿ, ಪ್ಲಗ್ ತೆಗೆದು, ಉಳಿಯ ಮೂತಿ ಮೇಲೆ ಬರುವಂತೆ ತಲೆಕೆಳಗಾಗಿ ನಿಲ್ಲಿಸಿ. ಹಳೆಯ ಗ್ರೀಸ್ ಕರಗಿ ಕ್ರ್ಯಾಂಕ್ ಕೋಣೆಗೆ ಇಳಿದು ಒಂದೇ ಕಡೆ ಸೇರುತ್ತದೆ, ಒರೆಸಿ ತೆಗೆಯುವುದು ಸುಲಭ.

ಹೊರಗಿನ ಸಿಮೆಂಟ್ ಧೂಳನ್ನು ಮೊದಲೇ ತೆಗೆಯಿರಿ. ಒಂದು ಚಿಟಿಕೆ ಕಾಂಕ್ರೀಟ್ ಪುಡಿ ಸಿಲಿಂಡರಿನೊಳಗೆ ಬಿದ್ದರೂ ಹೊಸ ಓ-ರಿಂಗ್ ಉಳಿಯುವುದಿಲ್ಲ. ಗಾಳಿ ಹೊಡೆದು ಸ್ವಚ್ಛಮಾಡುವಾಗ ಎನ್95 ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಕಾಂಕ್ರೀಟ್ ಮತ್ತು ಗ್ರಾನೈಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶದ ಸಿಲಿಕೋಸಿಸ್ ಬರುವುದು ಅದರಿಂದಲೇ.

ಮೊದಲು ಕಾರ್ಬನ್ ಎರಡನ್ನೂ ಹೊರತೆಗೆಯಿರಿ. ಈ ಕ್ರಮ ತಪ್ಪಬಾರದು. ಕಾರ್ಬನ್ ಒಳಗಿರುವಾಗಲೇ ಆರ್ಮೇಚರ್ ಎಳೆದರೆ ಸ್ಪ್ರಿಂಗ್ ಅದನ್ನು ಒಳಕ್ಕೆ ತಳ್ಳಿ, ಬೇರಿಂಗ್ ಬಂದು ತಾಗಿ ಕಾರ್ಬನ್ನಿನ ತುದಿ ಮುರಿಯುತ್ತದೆ. ಆಮೇಲೆ ಹಿಡಿ ಬಿಚ್ಚಿ, ಸ್ವಿಚ್ಚಿನ ವೈರ್‌ಗಳ ಫೋಟೋ ತೆಗೆದು, ಒಂದೊಂದಾಗಿ ಬಿಡಿಸಿ. ಸಾಫ್ಟ್ ಸ್ಟಾರ್ಟ್ ಮಾಡ್ಯೂಲ್ (ಮೋಟರನ್ನು ನಿಧಾನಕ್ಕೆ ಶುರುಮಾಡುವ ಎಲೆಕ್ಟ್ರಾನಿಕ್ ಭಾಗ) ಇದ್ದರೆ ಅದರ ವೈರ್ ಎಳೆಯಬೇಡಿ, ಕನೆಕ್ಟರ್ ಹಿಡಿದು ತೆಗೆಯಿರಿ.

ಮೋಟರಿನ ಹಿಂದಿನ ಕವರ್ ತೆಗೆದ ಮೇಲೆ ಫ್ಯಾನಿನ ಸುತ್ತ ಗಾಳಿ ತಿರುಗಿಸುವ ಪ್ಲಾಸ್ಟಿಕ್ ತಡೆ ಯಾವ ದಿಕ್ಕಿಗೆ ಕೂತಿದೆ ಎಂದು ಗುರುತು ಮಾಡಿ. ಅದು ತಿರುಗುಮುರುಗಾದರೆ ಮೋಟರಿಗೆ ಗಾಳಿ ಹೋಗುವುದಿಲ್ಲ, ಹೊಸ ಆರ್ಮೇಚರ್ ಕೂಡ ಬೇಯುತ್ತದೆ. ಆರ್ಮೇಚರಿನ ತುದಿಯ ಹಲ್ಲು ಓರೆಯಾಗಿರುವುದರಿಂದ ನೇರ ಜಗ್ಗದೆ ನಿಧಾನಕ್ಕೆ ತಿರುಗಿಸುತ್ತ ಎಳೆಯಿರಿ.

ಕ್ರ್ಯಾಂಕ್ ಕೋಣೆಯ ಮುಚ್ಚಳ ತೆಗೆದು ಹಳೆಯ ಗ್ರೀಸನ್ನು ಮರದ ಚಪ್ಪಟೆ ಕಡ್ಡಿಯಿಂದ ಬಾಚಿ. ಆ ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡಿ. ಕಪ್ಪಾಗಿ ನುಣುಪಾಗಿದ್ದರೆ ಸಹಜ. ಹೊಳೆಯುವ ಚೂರು ಕಂಡರೆ ಗೇರ್ ಅಥವಾ ಸೂಜಿ ಬೇರಿಂಗ್ ಸವೆಯುತ್ತಿದೆ, ಕಂಚಿನ ಬಣ್ಣದ ಪುಡಿ ಇದ್ದರೆ ಬುಷ್ ಸವೆಯುತ್ತಿದೆ.

ಮೂತಿಯ ಭಾಗದಲ್ಲಿ ಉಳಿ ಹಿಡಿಯುವ ಲಿವರಿನ ಪಿನ್ ಹೊಡೆದು ತೆಗೆದು, ನಾಲ್ಕು ದೊಡ್ಡ ಬೋಲ್ಟನ್ನು ಕರ್ಣದ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ಅಂಟು ಹಾಕಿ ಬಿಗಿದಿದ್ದರೆ ಹೀಟ್ ಗನ್ನಿನಿಂದ ಬಿಸಿಮಾಡಿ. ಬಲ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಬೋಲ್ಟಿನ ಜೊತೆಗೇ ಎದ್ದುಬರುತ್ತದೆ. ಮೂತಿ ಬಂದ ಮೇಲೆ ಇಂಪ್ಯಾಕ್ಟ್ ಬೋಲ್ಟ್, ರಬ್ಬರ್ ಡ್ಯಾಂಪರ್, ವಾಷರ್‌ಗಳು ಒಂದರ ಹಿಂದೆ ಒಂದು ಬರುತ್ತವೆ. ಅವು ಬಂದ ಕ್ರಮದಲ್ಲೇ, ಮುಖ ಬದಲಾಗದಂತೆ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡಿ. ಈ ವಾಷರ್‌ಗಳಲ್ಲಿ ಕೆಲವಕ್ಕೆ ಒಂದು ಅಂಚು ಓರೆ ಇರುತ್ತದೆ. ಓರೆ ಯಾವ ಕಡೆಗಿತ್ತು ಎಂಬುದು ನೆನಪಿನಲ್ಲಿ ಉಳಿಯುವುದಿಲ್ಲ, ಫೋಟೋ ತೆಗೆದುಕೊಳ್ಳಿ.

ಸಿಲಿಂಡರ್ ಹೊರತೆಗೆಯುವ ಮುನ್ನ ಅದು ಯಾವ ಕೋನದಲ್ಲಿ ಕೂತಿದೆ ಎಂದು ಮಾರ್ಕರ್‌ನಿಂದ ಗೆರೆ ಎಳೆಯಿರಿ. ಅದರ ಗೋಡೆಯಲ್ಲಿರುವ ಸಣ್ಣ ತೂತುಗಳು ಗಾಳಿ ಒಳಗೆ ಹೊರಗೆ ಹೋಗುವ ದಾರಿ. ಹೊಡೆತ ಶುರುವಾಗುವುದನ್ನೂ ಖಾಲಿ ಓಟದಲ್ಲಿ ನಿಲ್ಲುವುದನ್ನೂ ನಿರ್ಧರಿಸುವುದು ಅವೇ.

ಸಿಲಿಂಡರ್, ಪಿಸ್ಟನ್, ಸ್ಟ್ರೈಕರ್

ಸಮಯ ತೆಗೆದುಕೊಳ್ಳಬೇಕಾದ ಜಾಗ ಇದು. ಸಿಲಿಂಡರನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಬೆಳಕಿನ ಕಡೆ ಹಿಡಿದು ಒಳಗೋಡೆ ನೋಡಿ. ನುಣುಪಾದ ಹೊಳಪು ಸರಿ. ಉಗುರಿಗೆ ತಾಗುವಷ್ಟು ಆಳದ ಉದ್ದ ಗೀರು ಇದ್ದರೆ ಸಿಲಿಂಡರ್ ಬದಲಿಸಬೇಕು. ಎಷ್ಟು ಹೊಸ ಓ-ರಿಂಗ್ ಹಾಕಿದರೂ ಆ ಗೀರು ಅದನ್ನು ಕತ್ತರಿಸುತ್ತದೆ. ಗಾಳಿ ತೂತುಗಳಲ್ಲಿ ಕಟ್ಟಿದ ಕಪ್ಪು ಗ್ರೀಸನ್ನು ತಾಮ್ರದ ತಂತಿಯಿಂದ ತೆಗೆದು ಗಾಳಿ ಹೊಡೆಯಿರಿ. ಡ್ರಿಲ್ ಬಿಟ್ ಹಾಕಬೇಡಿ. ತೂತು ಸ್ವಲ್ಪ ದೊಡ್ಡದಾದರೂ ಒಳಗಿನ ಅಂಚು ಚೂಪಾಗುತ್ತದೆ, ಪ್ರತಿ ಹೊಡೆತಕ್ಕೂ ರಿಂಗ್ ಅದರ ಮೇಲೆ ಹಾದುಹೋಗುತ್ತದೆ.

ಹಳೆಯ ಓ-ರಿಂಗನ್ನು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಎಬ್ಬಿಸಿ. ಸ್ಕ್ರೂಡ್ರೈವರಿನ ತುದಿ ರಿಂಗ್ ಕೂರುವ ತೋಡಿಗೆ ಗೀರು ಹಾಕುತ್ತದೆ. ತೆಗೆದ ರಿಂಗ್ ಏನಾಯಿತೆಂದು ಅದೇ ಹೇಳುತ್ತದೆ: ಹೊರಮೈ ಚಪ್ಪಟೆಯಾಗಿದ್ದರೆ ಸಾಮಾನ್ಯ ಸವೆತ, ಗಟ್ಟಿಯಾಗಿದ್ದು ಬಗ್ಗಿಸುವಾಗ ಬಿರುಕು ಬಿಟ್ಟರೆ ಅತಿ ಬಿಸಿ, ಮೆತ್ತಗೆ ಊದಿದ್ದರೆ ಹೊಂದದ ಗ್ರೀಸ್ ಹಾಕಿದ್ದಾರೆ.

ಸ್ಟ್ರೈಕರ್ ಮತ್ತು ಇಂಪ್ಯಾಕ್ಟ್ ಬೋಲ್ಟಿನ ಹೊಡೆಯುವ ಮುಖ ಸಪಾಟಾಗಿರಬೇಕು. ಅಂಚಿನಲ್ಲಿ ಸಣ್ಣ ಬರ್ (ಲೋಹದ ಚೂಪು ಏಣು) ಎದ್ದಿದ್ದರೆ ಎಣ್ಣೆಗಲ್ಲಿನಲ್ಲಿ ಉಜ್ಜಿ ತೆಗೆಯಬಹುದು. ಚೂರು ಹಾರಿದ್ದರೆ, ಬಿರುಕು ಕಂಡರೆ ಬದಲಿಸಿ. ಇವಕ್ಕೆ ವೆಲ್ಡಿಂಗ್ ಮಾಡಿ ತುಂಬಿಸುವುದು ಅಪಾಯ: ಹದ ಕೊಟ್ಟ ಉಕ್ಕು ವೆಲ್ಡಿಂಗಿನ ಬಿಸಿಗೆ ಹದ ಕಳೆದುಕೊಳ್ಳುತ್ತದೆ, ಅದರ ಪಕ್ಕದ ಜಾಗ ಪೆಡಸಾಗಿ ಹೊಡೆತಕ್ಕೆ ಸಿಡಿಯುತ್ತದೆ.

ಮೂತಿಯ ಬುಷ್ ಸವೆದಿದೆಯೋ ಉಳಿ ಸವೆದಿದೆಯೋ ತಿಳಿಯಬೇಕಾದರೆ ಹೊಸ ಉಳಿ ಹಾಕಿ ಅಲ್ಲಾಡಿಸಿ. ಹೊಸ ಉಳಿಯೂ ಹಳೆಯದರಷ್ಟೇ ಅಲ್ಲಾಡಿದರೆ ಬುಷ್ಷೇ ಹೋಗಿದೆ. ಉಳಿ ಓರೆಯಾಗಿ ಕೂತರೆ ಇಂಪ್ಯಾಕ್ಟ್ ಬೋಲ್ಟಿನ ಮುಖ ಒಂದೇ ಮಗ್ಗುಲಿಗೆ ಹೊಡೆತ ತಿಂದು ಒಡೆಯುತ್ತದೆ.

ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕ್ ಪಿನ್ನಿನ ಮೇಲೆ ಕೂರಿಸಿ ಮೇಲೆ ಕೆಳಗೆ ಜಗ್ಗಿ. ಸೂಜಿ ಬೇರಿಂಗ್ ಸರಿಯಿದ್ದರೆ ಟಕ್ ಎಂಬ ಸದ್ದು ಬರಬಾರದು.

ಮೋಟರ್

ಕಮ್ಯುಟೇಟರ್ ಮೇಲೆ ಸಮನಾದ ಕಂದು ಬಣ್ಣ ಕೂತಿದ್ದರೆ ಅದನ್ನು ಉಜ್ಜಿ ಹೊಳಪು ಮಾಡಬೇಡಿ, ಅದೇ ಕಾರ್ಬನ್ ಜಾರಲು ಬೇಕಾದ ಪದರ. ಪೂರ್ತಿ ಕಪ್ಪಾಗಿದ್ದರೆ ಸ್ಪ್ರಿಂಗ್ ಸಡಿಲ ಅಥವಾ ಕಾರ್ಬನ್ ಸರಿಯಿಲ್ಲ. ಎದುರುಬದುರು ಇರುವ ಒಂದೆರಡು ಪಟ್ಟಿ ಮಾತ್ರ ಸುಟ್ಟಿದ್ದರೆ ಅಲ್ಲಿಗೆ ಸೇರುವ ತಂತಿ ಬಿಟ್ಟಿದೆ. ಅಕ್ಕಪಕ್ಕದ ಪಟ್ಟಿಗಳ ನಡುವೆ ಮಲ್ಟಿಮೀಟರ್ ಇಟ್ಟು ಸುತ್ತಲೂ ಓದಿ. ಸಂಖ್ಯೆ ಎಷ್ಟೇ ಇರಲಿ ಎಲ್ಲ ಕಡೆ ಒಂದೇ ಇರಬೇಕು. ಗ್ರೌಲರ್ (ಆರ್ಮೇಚರಿನ ಶಾರ್ಟ್ ಹುಡುಕುವ ಸಾಧನ) ಇದ್ದರೆ ಅದರಲ್ಲೂ ನೋಡಿ, ಕಡಿಮೆ ಸುತ್ತಿನ ಶಾರ್ಟ್ ಮಲ್ಟಿಮೀಟರಿಗೆ ಸಿಗದಿದ್ದರೂ ಗ್ರೌಲರಿಗೆ ಸಿಗುತ್ತದೆ. ಫೀಲ್ಡಿನ, ಅಂದರೆ ಆರ್ಮೇಚರಿನ ಸುತ್ತ ತಿರುಗದೆ ನಿಂತಿರುವ ಭಾಗದ, ಎರಡು ಕಾಯಿಲ್‌ಗಳ ಓಂ ಪರಸ್ಪರ ಹೊಂದಬೇಕು.

ಮೇಲ್ಮೈ ಒರಟಾಗಿದ್ದರೆ 400 ನಂಬರಿನ ಸ್ಯಾಂಡ್ ಪೇಪರ್ ಸಾಕು, ಎಮರಿ ಬಟ್ಟೆ ಬೇಡ. ಅದರ ಪುಡಿ ಪಟ್ಟಿಗಳ ಸಂದಿನಲ್ಲಿ ಕೂತು ಕಾರ್ಬನ್ನನ್ನು ತಿನ್ನುತ್ತದೆ, ಶಾರ್ಟಿಗೂ ದಾರಿಯಾಗುತ್ತದೆ. ಲೇತ್‌ನಲ್ಲಿ ತಿರುವಿದರೆ ಸಂದಿನ ಮೈಕಾವನ್ನು ಸುಮಾರು ಅರ್ಧ ಮಿ.ಮೀ. ಆಳಕ್ಕೆ ಇಳಿಸಲೇಬೇಕು.

ಸುಟ್ಟ ಆರ್ಮೇಚರನ್ನು ರೀವೈಂಡ್ ಮಾಡಿಸುವ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಗ್ರೈಂಡರಿಗೆ, ಮಿಕ್ಸಿಗೆ ಆದೀತು, ಬ್ರೇಕರ್‌ಗೆ ಹೊಸ ಆರ್ಮೇಚರೇ ಹಾಕಿ. ಇಲ್ಲಿನ ಅದುರಾಟಕ್ಕೆ ಕಮ್ಯುಟೇಟರಿನ ಬುಡದಲ್ಲಿ ತಂತಿ ಕಡಿಯುತ್ತದೆ. ಕಾರ್ಖಾನೆಯಲ್ಲಿ ರಾಳ ಇಳಿಸಿ, ಬೇಯಿಸಿ, ಬ್ಯಾಲೆನ್ಸ್ ಮಾಡಿದ ಗಟ್ಟಿತನ ಸಣ್ಣ ವೈಂಡಿಂಗ್ ಅಂಗಡಿಯ ವಾರ್ನಿಷ್‌ನಲ್ಲಿ ಬರುವುದಿಲ್ಲ. ಫೀಲ್ಡ್ ಕಾಯಿಲ್ ತಿರುಗುವುದಿಲ್ಲವಾದ್ದರಿಂದ ಅದನ್ನು ಒಳ್ಳೆಯವರ ಕೈಲಿ ಸುತ್ತಿಸಬಹುದು.

ಕಾರ್ಬನ್ನಿನ ಮೇಲೆ ಮಿತಿಯ ಗೆರೆ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ 5ರಿಂದ 6 ಮಿ.ಮೀ.ಗೆ ಇಳಿದಾಗ ಎರಡನ್ನೂ ಒಟ್ಟಿಗೆ ಬದಲಿಸಿ. ಒಳ್ಳೆಯ ಕಾರ್ಬನ್ ಸವೆದಾಗ ತಾನಾಗಿ ಸಂಪರ್ಕ ಕಡಿದು ಮಷಿನ್ ನಿಲ್ಲಿಸುತ್ತದೆ. ಬಾಷ್‌ನ ಹಲವು ಮಷಿನ್‌ಗಳಲ್ಲಿ ಹಾಗೆ ನಿಲ್ಲುವ ಸುಮಾರು 8 ಗಂಟೆ ಮೊದಲೇ ಸರ್ವೀಸ್ ದೀಪ ಹತ್ತುತ್ತದೆ. ಅಗ್ಗದ ಕಾರ್ಬನ್ನಿನಲ್ಲಿ ಈ ವ್ಯವಸ್ಥೆ ಇರುವುದಿಲ್ಲ, ಕೊನೆಗೆ ಒಳಗಿನ ತಾಮ್ರದ ತಂತಿಯೇ ಕಮ್ಯುಟೇಟರನ್ನು ಕೊರೆಯುತ್ತದೆ.

ಬೇರಿಂಗನ್ನು ಅದರ ಮೇಲೆ ಕೊರೆದ ನಂಬರ್ ನೋಡಿಯೇ ತನ್ನಿ. ಕೊನೆಯ ಅಕ್ಷರಗಳೂ ಮುಖ್ಯ. ಕಾರ್ಬನ್ ಧೂಳು ಬೀಳುವ ಕಡೆ ರಬ್ಬರ್ ಸೀಲ್ ಇರುವ ಬೇರಿಂಗೇ ಬೇಕು. ಶಾಫ್ಟಿಗೆ ಕೂರಿಸುವಾಗ ಒಳಬಳೆಯನ್ನು ಮಾತ್ರ ಒತ್ತುವಂಥ ಪೈಪ್ ತುಂಡು ಬಳಸಿ. ಹೊರಬಳೆಗೆ ಸುತ್ತಿಗೆ ಬಿದ್ದರೆ ಗುಂಡುಗಳು ದಾರಿಯಲ್ಲಿ ಗುಂಡಿ ಹಾಕುತ್ತವೆ. ಆಯಿಲ್ ಸೀಲಿನ ಸ್ಪ್ರಿಂಗ್ ಇರುವ ಮುಖ ಗ್ರೀಸಿನ ಕಡೆಗೆ ಬರಬೇಕು.

ಮೆಗ್ಗರ್ ಹಾಕುವಾಗ ಎಲೆಕ್ಟ್ರಾನಿಕ್ ಮಾಡ್ಯೂಲ್ ಬಿಡಿಸಿಟ್ಟಿರಿ, 500 ವೋಲ್ಟಿಗೆ ಅದು ಸುಡುತ್ತದೆ. ಎರಡು ಪಿನ್ನಿನ ಡಬಲ್ ಇನ್ಸುಲೇಷನ್ ಮಷಿನ್ನಿನಲ್ಲಿ ವೈಂಡಿಂಗ್ ಮತ್ತು ಹೊರಗಿನ ಲೋಹದ ನಡುವೆ 7 ಮೆಗಾಓಂಗಿಂತ ಕಡಿಮೆ ಬಂದರೆ ಧೂಳು ತೆಗೆದು, ಒಣಗಿಸಿ ಮತ್ತೆ ಅಳೆಯಿರಿ. ಮೂರು ಪಿನ್ನಿನ ಮಷಿನ್ನಿನಲ್ಲಿ ಅರ್ತ್ ವೈರ್ ಬಾಡಿಗೆ ಬಿಗಿಯಾಗಿ ಸೇರಿದೆಯೇ ನೋಡಿ. ಹೊಸ ವೈರ್ ಹಾಕುವಾಗ ಹಸಿರು ವೈರನ್ನು ಕತ್ತರಿಸಿ ಎಸೆಯುವುದು ಜೀವ ತೆಗೆಯುವ ಅಭ್ಯಾಸ.

ಗ್ರೀಸ್ ಮತ್ತು ಜೋಡಣೆ

ಓ-ರಿಂಗಿಗೆ ಹ್ಯಾಮರ್ ಗ್ರೀಸ್ ತೆಳ್ಳಗೆ ಸವರಿ, ತಿರುಚದಂತೆ ತೋಡಿನಲ್ಲಿ ಕೂರಿಸಿ, ಬೆರಳು ಸುತ್ತ ಓಡಿಸಿ ಸಮ ಮಾಡಿ. ಪಿಸ್ಟನ್ನನ್ನು ಸಿಲಿಂಡರಿನ ಓರೆ ಅಂಚಿನ ಕಡೆಯಿಂದ, ಸ್ವಲ್ಪ ತಿರುಗಿಸುತ್ತ ಒಳಬಿಡಿ. ಸ್ಟ್ರೈಕರ್ ಹಾಕಿದ ಮೇಲೆ ಗಾಳಿ ತೂತುಗಳನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ ಒತ್ತಿ ನೋಡಿ. ಸ್ಟ್ರೈಕರ್ ಮುಟ್ಟದೆಯೇ ಮುಂದೆ ಸರಿಯಬೇಕು, ಪಿಸ್ಟನ್ ಹಿಂದಕ್ಕೆ ಎಳೆದರೆ ಹಿಂಬಾಲಿಸಿ ಬರಬೇಕು. ಹೀಗೆ ಆಗದಿದ್ದರೆ ಮುಂದಿನ ಜೋಡಣೆಗೆ ಹೋಗಬೇಡಿ.

ಗ್ರೀಸನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಿ. ಮಕಿತಾದ ಈ ದರ್ಜೆಯ ಹಲವು ಮಷಿನ್‌ಗಳಿಗೆ ಕ್ರ್ಯಾಂಕ್ ಕೋಣೆಗೆ ಬೇಕಾದದ್ದು ಕೇವಲ 30 ಗ್ರಾಂ. ಬೇರೆ ಕಂಪನಿಯದಾದರೆ ಅದರ ಕೈಪಿಡಿಯ ಅಳತೆ. ಕೋಣೆ ಖಾಲಿ ಕಾಣುತ್ತದೆಂದು ತುಂಬಿಸುವುದೇ ತಪ್ಪು. ಹೆಚ್ಚಾದ ಗ್ರೀಸ್ ಗಾಳಿ ತೂತಿಗೆ ಹೋಗಿ ಹೊಡೆತ ನಿಲ್ಲಿಸುತ್ತದೆ. ಕ್ರ್ಯಾಂಕ್ ಅದನ್ನು ಕಲಕಿ ಬಿಸಿಮಾಡುತ್ತದೆ. ಬಿಸಿಯಿಂದ ಏರಿದ ಒತ್ತಡಕ್ಕೆ ಸೀಲ್ ಸೋತು ಗ್ರೀಸ್ ಮೋಟರಿಗೆ ಇಳಿಯುತ್ತದೆ. ಲಾರಿ ಚಕ್ರಕ್ಕೆ ಹಾಕುವ ಗ್ರೀಸೂ ಇಲ್ಲಿಗೆ ಆಗದು. ಅದು ಗಟ್ಟಿ, ಒಮ್ಮೆ ಗೋಡೆಗೆ ಎಸೆದರೆ ಅಲ್ಲೇ ಅಂಟಿಕೊಳ್ಳುತ್ತದೆ, ಚಲಿಸುವ ಭಾಗ ಒಣಗುತ್ತದೆ. ಹ್ಯಾಮರ್ ಗ್ರೀಸ್ ಮೆತ್ತಗಿದ್ದು ಮತ್ತೆ ಹರಿದು ಬರುತ್ತದೆ. ಕಾರ್ಬನ್ ಬದಲಿಸಿದಾಗಲೆಲ್ಲ ಗ್ರೀಸೂ ಬದಲಿಸಿ, ಎರಡಕ್ಕೂ ಒಂದೇ ಸರದಿ.

ಸಿಲಿಂಡರನ್ನು ಗುರುತಿಗೆ ಸರಿಯಾಗಿ ಕೂರಿಸಿ. ಮೂತಿಯ ಬೋಲ್ಟ್‌ಗಳ ಥ್ರೆಡ್ಡಿನ ಎಣ್ಣೆ ಒರೆಸಿ, ಮಧ್ಯಮ ಶಕ್ತಿಯ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕಿ, ಕರ್ಣದ ಕ್ರಮದಲ್ಲಿ ಮೂರು ಸುತ್ತಿನಲ್ಲಿ ಬಿಗಿಯಿರಿ. ಕೈಪಿಡಿಯಲ್ಲಿ ಟಾರ್ಕ್ (ಬಿಗಿಯುವ ಬಲದ ಅಳತೆ) ಇದ್ದರೆ ಅದೇ ಅಂತಿಮ. ಅಂದಾಜಿಗೆ ಹೇಳುವುದಾದರೆ 8.8 ದರ್ಜೆಯ ಎಂ8 ಬೋಲ್ಟ್ ಉಕ್ಕಿನಲ್ಲಿ ಸುಮಾರು 25 ನ್ಯೂಟನ್ ಮೀಟರ್, ಎಂ10 ಸುಮಾರು 49 ತಡೆಯುತ್ತದೆ; ಅಲ್ಯೂಮಿನಿಯಂ ಥ್ರೆಡ್ಡಿಗೆ ಇದಕ್ಕಿಂತ ಕಡಿಮೆಯಲ್ಲೇ ನಿಲ್ಲಿಸಬೇಕು. ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿದ್ದರೆ ಹೊಸದು. ಆರ್ಮೇಚರ್ ಕೂರಿಸಿ, ಕವರ್ ಮುಚ್ಚಿ, ಕೈಯಿಂದ ಫ್ಯಾನ್ ತಿರುಗಿಸಿ. ಕ್ರ್ಯಾಂಕ್ ಪೂರ್ತಿ ಸುತ್ತು ಬರುವಾಗ ಎಲ್ಲೂ ಹಿಡಿಯಬಾರದು. ಕಾರ್ಬನ್ ಎಲ್ಲಕ್ಕಿಂತ ಕೊನೆಗೆ.

ಓಡಿಸಿ ನೋಡುವುದು

30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರುವ ಲೈನಿಗೆ ಹಾಕಿ. ಉಳಿ ಇಲ್ಲದೆ 10ರಿಂದ 15 ನಿಮಿಷ ಓಡಿಸಿದರೆ ಕಾರ್ಬನ್ ಕಮ್ಯುಟೇಟರಿನ ಬಾಗಿಗೆ ಹೊಂದಿಕೊಳ್ಳುತ್ತದೆ. ಮೊದಮೊದಲು ಕಾಣುವ ಸಣ್ಣ ಕಿಡಿ ಇಳಿಯಬೇಕು. ನಂತರ ಉಳಿ ಹಾಕಿ ಹಳೆಯ ಕಾಂಕ್ರೀಟ್ ತುಂಡಿನ ಮೇಲೆ ಹಗುರಾಗಿ ಐದು ನಿಮಿಷ ಹೊಡೆಸಿ. ಕಬ್ಬಿಣದ ಪ್ಲೇಟಿನ ಮೇಲೆ ಪರೀಕ್ಷೆ ಬೇಡ. ಒತ್ತಿದ ಕೂಡಲೇ ಹೊಡೆತ ಹಿಡಿಯಬೇಕು, ಎತ್ತಿದ ಕೂಡಲೇ ನಿಲ್ಲಬೇಕು. ನಿಲ್ಲಿಸಿ, ಮೂತಿಯ ಬೋಲ್ಟ್‌ಗಳ ಬಿಗಿ ಮತ್ತೊಮ್ಮೆ ನೋಡಿ.

ಕೊಡುವಾಗ ಗ್ರಾಹಕರ ಎಕ್ಸ್‌ಟೆನ್ಷನ್ ವೈರಿನ ವಿಷಯವನ್ನೂ ಕೇಳಿ. 1750 ವ್ಯಾಟಿನ ಮಷಿನ್ 230 ವೋಲ್ಟಿನಲ್ಲಿ ಸುಮಾರು 7.6 ಆಂಪ್ ಎಳೆಯುತ್ತದೆ. 50 ಮೀಟರ್ ಉದ್ದದ 0.75 ಚದರ ಮಿ.ಮೀ. ವೈರಿನಲ್ಲಿ ಹೋಗಿ ಬರುವ ದಾರಿಗೆ ಸುಮಾರು 20 ವೋಲ್ಟ್ ಕಳೆದುಹೋಗುತ್ತದೆ. ಸೈಟಿನಲ್ಲಿ ಮೊದಲೇ ವೋಲ್ಟೇಜ್ ಕಡಿಮೆಯಿದ್ದರೆ ಮೋಟರಿನ ವೇಗ ಇಳಿದು, ಫ್ಯಾನಿನ ಗಾಳಿ ಸಾಲದೆ ಬಿಸಿಯಾಗುತ್ತದೆ, ಹೊಡೆತ ಸಾಲದೆಂದು ಕೆಲಸಗಾರ ಇನ್ನಷ್ಟು ಒತ್ತಿ ಹಿಡಿಯುತ್ತಾನೆ. ಅಷ್ಟು ದೂರಕ್ಕೆ 2.5 ಚದರ ಮಿ.ಮೀ. ತಾಮ್ರದ ವೈರ್ ಹಾಕಿಸಿ, ಸುರುಳಿಯನ್ನು ಪೂರ್ತಿ ಬಿಡಿಸಿಯೇ ಬಳಸಲು ಹೇಳಿ.